ಒತ್ತೆಹಣ ಕೇಳುವ ತಂತ್ರಾಂಶ: ಮನೆಯ ಗಣಕಯಂತ್ರಕ್ಕೆ ಯಾವ ಕಾವಲು?

ಕೊಚ್ಚಿಯಿಂದ ಗೋಶ್ರೀ ಸೇತುವೆಗಳನ್ನು ದಾಟಿ ವಲ್ಲಾರ್ಪಾಡಂ ದ್ವೀಪಕ್ಕೆ ಹೋದವರು ಅಲ್ಲಿನ ಹೆಸರಾಂತ ಬೆಸಿಲಿಕಾದ ಜೊತೆಗೆ, 2011ರ ಫೆಬ್ರವರಿಯಲ್ಲಿ ಉದ್ಘಾಟನೆಗೊಂಡ ಕಂಟೇನರ್ ಟರ್ಮಿನಲ್ಲಿನ ಎತ್ತರದ ಕ್ರೇನುಗಳನ್ನೂ ನೋಡಿರುತ್ತಾರೆ. ಇಂತಹ ಬಂದರುಗಳಲ್ಲಿ ಯಾವ ಪೆಟ್ಟಿಗೆ ಯಾವ ಹಡಗಿನದು, ಯಾವ ಲಾರಿಗೆ ಏರಬೇಕು ಎಂಬ ಲೆಕ್ಕವೆಲ್ಲ ಗಣಕಯಂತ್ರದಲ್ಲಿಯೇ ಇರುತ್ತದೆ. ಆ ಲೆಕ್ಕ ಕೈತಪ್ಪಿದರೆ ಕ್ರೇನು ಎಷ್ಟು ಗಟ್ಟಿಯಾಗಿದ್ದರೂ ನಿಲ್ಲಲೇಬೇಕು. 2017ರ ಜೂನ್ 27ರಂದು ‘ನಾಟ್‌ಪೆಟ್ಯಾ’ ಎಂಬ ದುಷ್ಟ ತಂತ್ರಾಂಶವು ಮರ್ಸ್ಕ್ ಹಡಗು ಸಂಸ್ಥೆಯನ್ನು ಹೊಕ್ಕಾಗ, ಮುಂಬಯಿಯ ಜವಾಹರಲಾಲ್ ನೆಹರೂ ಬಂದರಿನಲ್ಲಿದ್ದ ಅದರ ಬಳಗದ ಟರ್ಮಿನಲ್ಲಿಗೆ ಆದದ್ದು ಇದೇ.

ಅದಕ್ಕೆ ಒಂದೂವರೆ ತಿಂಗಳ ಮುಂಚೆ ‘ವನ್ನಾಕ್ರೈ’ ಕೇರಳಕ್ಕೇ ಬಂದಿತ್ತು. ವಯನಾಡಿನ ತರಿಯೋಡ್, ಪತ್ತನಂತಿಟ್ಟದ ಅರುವಾಪ್ಪುಲಂ ಪಂಚಾಯತಿಗಳ ಗಣಕಯಂತ್ರಗಳಿಗೂ, ಪಾಲಕ್ಕಾಡಿನ ರೈಲ್ವೆ ವಿಭಾಗೀಯ ಕಚೇರಿಗೂ ಅದು ತಗುಲಿತು. ಕಡತಗಳನ್ನು ಗೂಢಲಿಪಿಗೆ ತಿರುಗಿಸಿ, ಬಿಡಿಸುವ ಕೀಲಿಗೆ ಬಿಟ್‌ಕಾಯಿನ್ ರೂಪದಲ್ಲಿ ಹಣ ಕೇಳುವುದು ಅದರ ರೀತಿ. ಅದು ನುಸುಳಿದ ರಂಧ್ರವನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಬಿಡುಗಡೆ ಮಾಡಿತ್ತು ಎಂಬುದನ್ನು ಓದುಗರು ಗಮನಿಸಬೇಕು. ಆದ್ದರಿಂದ ಯಾವ ಆಂಟಿವೈರಸ್ ಕೊಳ್ಳಬೇಕೆಂದು ಕೇಳುವವರಿಗೆ ನಮ್ಮ ಮರುಪ್ರಶ್ನೆ ಇಷ್ಟೆ: ನಿಮ್ಮ ವಿಂಡೋಸ್ ಯಾವುದು? ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ತೇಪೆ ಬಾರದ ಯಂತ್ರಕ್ಕೆ ದುಬಾರಿ ಕಾವಲು ಹಾಕುವುದು, ಬಾಗಿಲಿಲ್ಲದ ಮನೆಗೆ ಗೂರ್ಖನನ್ನು ನೇಮಿಸಿದಂತೆ.

ಇನ್ನು ಆಯ್ಕೆಯ ಮಾತು. ಮನೆಯ ಬಳಕೆಗೆ ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಬಹುಮಟ್ಟಿಗೆ ಸಾಕೆಂಬುದು ನಮ್ಮ ಅಭಿಪ್ರಾಯ. ಆದರೆ ಅದರೊಳಗಿನ ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’ ಎಂಬ ಸೌಲಭ್ಯ ತಾನಾಗಿ ಚಾಲೂ ಆಗಿರುವುದಿಲ್ಲ. ವಿಂಡೋಸ್ ಸೆಕ್ಯುರಿಟಿಯಲ್ಲಿ ‘ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್’ ಎಂಬಲ್ಲಿಗೆ ಹೋಗಿ ನಾವೇ ಚಾಲೂ ಮಾಡಬೇಕು. ಆಮೇಲೆ ಅಪರಿಚಿತ ತಂತ್ರಾಂಶಗಳು ನಮ್ಮ ದಾಖಲೆ, ಚಿತ್ರಗಳನ್ನು ತಿದ್ದಲಾರವು. ಕೆಲವೊಮ್ಮೆ ನಮ್ಮ ಪರಿಚಿತ ತಂತ್ರಾಂಶವನ್ನೂ ಅದು ತಡೆಯುತ್ತದೆ. ಆಗ ಸಿಟ್ಟಿನಿಂದ ಇಡೀ ಸೌಲಭ್ಯವನ್ನೇ ಆರಿಸಿಬಿಡದೆ, ಆ ಒಂದಕ್ಕೆ ಮಾತ್ರ ಅನುಮತಿ ಕೊಡಬೇಕು.

ಹಣ ಕೊಟ್ಟು ಕೊಳ್ಳುವವರಿಗೆ ಚೆನ್ನೈನ ಕೆ7, ಪುಣೆಯ ಕ್ವಿಕ್ ಹೀಲ್ ಮೊದಲಾದವುಗಳಿವೆ. ಹೆಸರಿಗಿಂತ ಗುಣ ನೋಡಬೇಕು. ತಿಳಿದ ವೈರಸ್ಸುಗಳ ಪಟ್ಟಿಯನ್ನಷ್ಟೇ ನಂಬದೆ, ಕಡತಗಳು ಒಮ್ಮೆಗೇ ಬದಲಾಗುತ್ತಿವೆಯೇ ಎಂಬ ನಡವಳಿಕೆಯನ್ನು ಅದು ಕಾಯುತ್ತದೆಯೇ? ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್ ಪ್ರಯೋಗಾಲಯಗಳ ಪರೀಕ್ಷೆಯಲ್ಲಿ ಅದರ ಫಲಿತಾಂಶವೇನು? ಎರಡನೆಯ ವರ್ಷದ ನವೀಕರಣಕ್ಕೆ ಎಷ್ಟು? (ಮೊದಲ ವರ್ಷದ ರಿಯಾಯಿತಿಯನ್ನು ಕಂಡು ಮೋಸಹೋದವರಲ್ಲಿ ನಾವೂ ಇದ್ದೇವೆ.) ಎರಡು ಆಂಟಿವೈರಸ್‌ಗಳನ್ನು ಒಟ್ಟಿಗೆ ಹಾಕಬಾರದು. ಬೇರೊಂದನ್ನು ಹಾಕಿದಾಗ ಡಿಫೆಂಡರ್ ಸಾಮಾನ್ಯವಾಗಿ ಹಿಂದೆ ಸರಿಯುತ್ತದೆ, ಮೇಲೆ ಹೇಳಿದ ಫೋಲ್ಡರ್ ಕಾವಲೂ ಹೋಗುತ್ತದೆ. ಕದ್ದ ಪ್ರತಿಯನ್ನಂತೂ ಹತ್ತಿರಕ್ಕೂ ಸೇರಿಸಬಾರದು.

ಇಷ್ಟಾದರೂ ಯಾವ ತಂತ್ರಾಂಶವೂ ಪೂರ್ಣ ಭರವಸೆ ಕೊಡಲಾರದು. ಮರ್ಸ್ಕ್ ಸಂಸ್ಥೆ ಹತ್ತೇ ದಿನಗಳಲ್ಲಿ 4,000 ಸರ್ವರು, 45,000 ಗಣಕಯಂತ್ರಗಳನ್ನು ಹೊಸದಾಗಿ ಸಜ್ಜುಗೊಳಿಸಬೇಕಾಯಿತು. ಅದರ ಜಾಲದ ಬಳಕೆದಾರರ ಪಟ್ಟಿಯನ್ನಿಟ್ಟಿದ್ದ ಸರ್ವರುಗಳೆಲ್ಲ ಅಳಿಸಿಹೋಗಿದ್ದವು. ಉಳಿದದ್ದು ಘಾನಾ ದೇಶದ ಒಂದೇ ಒಂದು. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟು ಹೋಗಿ ಅದು ಜಾಲದಿಂದ ಕಡಿದುಹೋಗಿತ್ತು! ನಮ್ಮ ಬ್ಯಾಂಕಿಗೆ ಗಣಕಯಂತ್ರ ಬಂದ ಹೊಸತರಲ್ಲಿ ದಿನದ ಲೆಕ್ಕ ಮುಗಿದ ಮೇಲೆ ಪ್ರತಿ ತೆಗೆದು, ಒಂದನ್ನು ಬೇರೆ ಕಟ್ಟಡದಲ್ಲಿ ಇಡುತ್ತಿದ್ದೆವು. ಆಗ ಗೊಣಗುತ್ತಿದ್ದೆವು; ಈಗ ಮನೆಯಲ್ಲಿಯೂ ಅದನ್ನೇ ಮಾಡುತ್ತೇವೆ. ವಾರಕ್ಕೊಮ್ಮೆ ಹೊರಗಿನ ಹಾರ್ಡ್‌ಡಿಸ್ಕಿಗೆ ಪ್ರತಿ ತೆಗೆದು, ತಂತಿ ಬಿಚ್ಚಿ ಬೀರುವಿನಲ್ಲಿಡುವುದು. ಸದಾ ಜೋಡಿಸಿಯೇ ಇಟ್ಟ ಡಿಸ್ಕಿನಲ್ಲಿರುವುದೂ ಗೂಢಲಿಪಿಯಾಗಬಲ್ಲದು. ಅಂತರ್ಜಾಲದ ಸಂಗ್ರಹದಲ್ಲಿ ಇಡುವವರು, ಕಡತದ ಹಳೆಯ ಆವೃತ್ತಿಗಳು ಅಲ್ಲಿ ಉಳಿಯುತ್ತವೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ಪರದೆಯ ಮೇಲೆ ಹಣದ ಬೇಡಿಕೆ ಬಂದೇಬಿಟ್ಟರೆ, ಕೂಡಲೇ ಅಂತರ್ಜಾಲ ಸಂಪರ್ಕ ಕಡಿಯಿರಿ. ಹಣ ಕಟ್ಟಲು ಅವಸರಿಸಬೇಡಿ. ನಾಟ್‌ಪೆಟ್ಯಾದಲ್ಲಿ ಹಣ ಕೊಟ್ಟವರಿಗೂ ಕಡತ ಮರಳುವ ದಾರಿಯೇ ಇರಲಿಲ್ಲ. ಯುರೋಪೋಲ್, ಡಚ್ ಪೊಲೀಸರು ಮತ್ತಿತರರು ಸೇರಿ 2016ರಲ್ಲಿ ಆರಂಭಿಸಿದ ‘ನೋ ಮೋರ್ ರ‍್ಯಾನ್ಸಮ್’ ತಾಣದಲ್ಲಿ ಕೆಲವು ಬಗೆಯವಕ್ಕೆ ಕೀಲಿಗಳು ಉಚಿತವಾಗಿ ಸಿಗುತ್ತವೆ. ದೂರಿಗೆ ರಾಷ್ಟ್ರೀಯ ಸೈಬರ್ ಸಹಾಯವಾಣಿ 1930 ಅಥವಾ ಸಮೀಪದ ಸೈಬರ್ ಪೊಲೀಸ್ ಠಾಣೆ. ಬೇಡಿಕೆಯ ಪರದೆಯನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡರೆ, ಅದು ಯಾವ ಬಗೆಯದೆಂದು ಗುರುತಿಸಲು ಅನುಕೂಲವಾಗುತ್ತದೆ.