ದಾರಿಯಲ್ಲಿ ಕೆಟ್ಟ ಕಡತಗಳು

ಜಾಲದ ಮೂಲಕ ಕಡತ ಕಳುಹಿಸುವ ಎಫ್‌ಟಿಪಿ ನಿಯಮಾವಳಿಯ ಮೊದಲ ರೂಪವನ್ನು ಎಂಐಟಿಯಲ್ಲಿದ್ದ ಅಭಯ್ ಭೂಷಣ್ 1971ರಲ್ಲಿ ಬರೆದರು. ಕಳುಹಿಸಿದ್ದು ಹಾಗೆಯೇ ತಲುಪಿತೇ ಎಂಬುದು ಬೇರೆಯದೇ ಪ್ರಶ್ನೆ. ಮುಂದೆ ಅದೇ ಎಂಐಟಿಯ ಜಾಲಗಳನ್ನು ಜೋಡಿಸುವ ಒಂದು ಗೇಟ್‌ವೇ ಕಂಪ್ಯೂಟರ್, ಸುಮಾರು ಹತ್ತು ಲಕ್ಷ ಬೈಟ್‌ಗಳಿಗೊಮ್ಮೆ, ಒಂದು ಜೋಡಿ ಬೈಟ್‌ಗಳನ್ನು ಅದಲುಬದಲು ಮಾಡತೊಡಗಿತು. ತಂತಿಯ ಮೇಲೆ, ದತ್ತಾಂಶ ಬದಲಾಗಿದೆಯೇ ಎಂದು ಪತ್ತೆಹಚ್ಚುವ ಚೆಕ್‌ಸಮ್‌ನ ಕಾವಲಿತ್ತು. ಗೇಟ್‌ವೇಯ ಒಳಗೆ ದತ್ತಾಂಶ ನಕಲಾಗುವಾಗ ಇರಲಿಲ್ಲ. ದೋಷ ನುಸುಳಿದ್ದು ಅಲ್ಲೇ. ಒಂದು ಆಪರೇಟಿಂಗ್ ಸಿಸ್ಟಮ್‌ನ ಕೆಲವು ಮೂಲ ಕಡತಗಳೇ ಕೆಟ್ಟವು. ಹಳೆಯ ಪ್ರತಿಗಳನ್ನು ಪಕ್ಕದಲ್ಲಿಟ್ಟುಕೊಂಡು ಕೈಯಾರೆ ತಿದ್ದಬೇಕಾಯಿತು. ಕಂಪ್ಯೂಟರ್ ವಿಜ್ಞಾನಿಗಳಾದ ಸಾಲ್ಟ್ಜರ್, ರೀಡ್ ಮತ್ತು ಕ್ಲಾರ್ಕ್ 1984ರ ಪ್ರಬಂಧದಲ್ಲಿ ಇದನ್ನು ದಾಖಲಿಸಿ, ಕೊನೆಯ ತಪಾಸಣೆ ಎರಡೂ ತುದಿಗಳಲ್ಲೇ ನಡೆಯಬೇಕೆಂದು ವಾದಿಸಿದರು. 1996ರಲ್ಲಿ ಬಂದ ಕಡತ ವರ್ಗಾವಣೆಯ ತಂತ್ರಾಂಶ ಆರ್‌ಸಿಂಕ್ ಅಂಥದೇ ತಪಾಸಣೆ ಮಾಡುತ್ತದೆ: ವರ್ಗಾವಣೆಯ ಕೊನೆಗೆ ಇಡೀ ಕಡತದ ಚೆಕ್‌ಸಮ್ ತಾಳೆ ನೋಡುತ್ತದೆ.