ಇಂದ್ರಲುಪ್ತ: ನಿದಾನ ಮತ್ತು ಚಿಕಿತ್ಸೆಯ ಚರಿತ್ರೆ

ಅಮೀನಗಡವೇ ಮೊದಲಾದ ನಮ್ಮ ಊರುಗಳಲ್ಲಿ ‘ಹುಳು ತಿಂದಿದೆ’ ಎಂದು ಜನರಾಡುವ, ತಲೆಗೂದಲು ಬಿಲ್ಲೆಬಿಲ್ಲೆಯಾಗಿ ಉದುರುವ ರೋಗವನ್ನು ಸುಶ್ರುತಸಂಹಿತೆಯು ‘ಇಂದ್ರಲುಪ್ತ’ವೆಂದು ಕರೆದಿದೆ. ಕಫರಕ್ತಗಳು ರೋಮಕೂಪಗಳನ್ನು ಮುಚ್ಚುವುದೇ ಕಾರಣವೆಂದು ಬಗೆದು, ಚರ್ಮವನ್ನು ಗೀರಿ ಗುಲಗಂಜಿಯ ಲೇಪವನ್ನು ವಿಧಿಸಿದೆ. ದೇಹದ ರಕ್ಷಣಾಶಕ್ತಿಯೇ ಕೇಶಮೂಲವನ್ನು ಆಕ್ರಮಿಸುತ್ತದೆಂಬುದು ಇಂದಿನ ನಿರ್ಣಯ. ಹುಳುವೂ ಇಲ್ಲ, ಅಂಟೂ ಇಲ್ಲ.

ಬಿಲ್ಲೆಗಳು ಚಿಕ್ಕವಾಗಿದ್ದರೆ ಕೂದಲು ಅನೇಕವೇಳೆ ವರ್ಷದೊಳಗೆ ತಾನಾಗಿಯೇ ಮರಳುವುದುಂಟು. ಆದುದರಿಂದ ಲೇಪಗಳು ಗಳಿಸಿದ ಕೀರ್ತಿಯಲ್ಲಿ ಪ್ರಕೃತಿಯ ಪಾಲೆಷ್ಟೆಂಬುದನ್ನು ನಾವು ವಿವೇಚಿಸಬೇಕು. ಗುಲಗಂಜಿಯಾದರೋ ವಿಷಬೀಜ.

ಇಂದಿನ ರೋಗಿಯೂ ಇದೇ ವಿವೇಚನೆಯಿಂದ ಕಾಯುವುದನ್ನೂ ಸ್ಟೆರಾಯ್ಡ್ ಚುಚ್ಚುಮದ್ದನ್ನೂ ತೂಗಿನೋಡಬೇಕು. ತೀವ್ರರೋಗಕ್ಕೆ 2022ರಲ್ಲಿ ಅಮೆರಿಕವು ಸಮ್ಮತಿಸಿದ ಬ್ಯಾರಿಸಿಟಿನಿಬ್ ಗುಳಿಗೆಯಿಂದಲೂ ಸೋಂಕಿನ ಭಯವುಂಟು. ನಿಲ್ಲಿಸಿದರೆ ರೋಗ ಮರುಕಳಿಸಬಹುದು. ಚಿಕಿತ್ಸೆ ಬೇಡವೆನ್ನುವುದೂ ಅವಿವೇಕವಲ್ಲ.