ನಿರ್ಜೀವ ವಸ್ತುಗಳ ಮೇಲಿನ ಮರುಕ ಮತ್ತು ಆಟಿಸಂ

ಆಟಿಸಂ ಇರುವ ಹಲವರಿಗೆ, ಮಕ್ಕಳಿಗಷ್ಟೇ ಅಲ್ಲ ದೊಡ್ಡವರಿಗೂ, ಜೀವವಿಲ್ಲದ ವಸ್ತುಗಳ ಬಗ್ಗೆ ಗಾಢವಾದ ಮರುಕ, ಕಾಳಜಿ, ಕೆಲವೊಮ್ಮೆ ತಪ್ಪು ಮಾಡಿದ ಅಳುಕು ಮೂಡುತ್ತದೆ. ಡಬ್ಬಿಯ ತಳದಲ್ಲಿ ಉಳಿದ ಒಂದೇ ಬಿಸ್ಕತ್ತು ಒಂಟಿಯಾಯಿತಲ್ಲ ಎನ್ನಿಸುವುದು, ಸದಾ ಮೇಲಿನ ತಟ್ಟೆಯನ್ನೇ ತೆಗೆದುಕೊಂಡರೆ ಕೆಳಗಿನದಕ್ಕೆ ಅನ್ಯಾಯವಾದೀತೆಂದು ಸರದಿಯಂತೆ ಬಳಸುವುದು, ಅಂಗಡಿಯಲ್ಲಿ ಒಮ್ಮೆ ಕೈಗೆತ್ತಿಕೊಂಡ ಸೊಟ್ಟಮುಖದ ಬೊಂಬೆಯನ್ನು ಮತ್ತೆ ಕಪಾಟಿಗೆ ಇಡಲಾರದೆ ಕೊಂಡು ತರುವುದು, ಗುಜರಿಗೆ ಹೋದ ಕುರ್ಚಿಯನ್ನು ನೆನೆದು ದಿನಗಟ್ಟಲೆ ಸಂಕಟಪಡುವುದು ಇದರ ರೂಪಗಳು. ಮನೋವಿಜ್ಞಾನದಲ್ಲಿ ಇದನ್ನು ವಸ್ತುಗಳ ವ್ಯಕ್ತೀಕರಣ ಎಂಬ ಹೆಸರಿನಡಿ ಅಧ್ಯಯನ ಮಾಡುತ್ತಾರೆ. ಇದೊಂದು ರೋಗವಲ್ಲ, ರೋಗನಿರ್ಣಯದ ಲಕ್ಷಣವೂ ಅಲ್ಲ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರಕಟಿಸಿದ ಡಿಎಸ್‌ಎಂ-5 ಕೈಪಿಡಿ ಆಟಿಸಂನ ಲಕ್ಷಣಗಳ ನಡುವೆ ಅಸಾಮಾನ್ಯ ವಸ್ತುಗಳಿಗೆ ಬಲವಾಗಿ ಅಂಟಿಕೊಳ್ಳುವುದನ್ನು ಹೆಸರಿಸುತ್ತದೆ. ಆದರೆ ಅದು ಹೊರಗಿನಿಂದ ಕಾಣುವ ವರ್ತನೆ. ಆ ವಸ್ತುವಿಗಾಗಿ ಒಳಗೆ ಏನು ಮಿಡಿಯುತ್ತಿದೆ ಎಂಬ ಪ್ರಶ್ನೆಯನ್ನು ಕೈಪಿಡಿ ಕೇಳುವುದಿಲ್ಲ. ಕೇಳಬೇಕಾದ ಪ್ರಶ್ನೆ ಅದೇ. ಏಕೆಂದರೆ ಆಟಿಸಂ ಇರುವವರಿಗೆ ಪರರ ನೋವು ತಟ್ಟುವುದಿಲ್ಲ ಎಂಬ ಹಳೆಯ ಮಾತು ಎಲ್ಲಿ ದಾರಿ ತಪ್ಪಿತು ಎಂಬುದನ್ನು ಈ ಮರುಕದಷ್ಟು ಸ್ಪಷ್ಟವಾಗಿ ತೋರಿಸುವ ಸಂಗತಿಗಳು ಕಡಿಮೆ.

ಆ ಮಾತಿಗೆ ಒಂದು ಚರಿತ್ರೆಯಿದೆ. 1943ರಲ್ಲಿ ಬಾಲ್ಟಿಮೋರಿನ ಮನೋವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳನ್ನು ಕುರಿತು ಬರೆದ ಪ್ರಸಿದ್ಧ ಪ್ರಬಂಧದಲ್ಲಿ, ಈ ಮಕ್ಕಳು ಜನರಿಂದ ದೂರವಿದ್ದರೂ ವಸ್ತುಗಳೊಂದಿಗೆ ಒಳ್ಳೆಯ ಸಂಬಂಧ ಇಟ್ಟುಕೊಂಡಿದ್ದಾರೆ ಎಂದು ಗುರುತಿಸಿದರು. ಜನ ಒಂದು ಕಡೆ, ವಸ್ತು ಇನ್ನೊಂದು ಕಡೆ ಎಂಬ ಈ ಎಣಿಕೆಯಲ್ಲಿ ವಸ್ತುಗಳೊಂದಿಗಿನ ನಂಟು ಭಾವರಹಿತವಾದದ್ದು ಎಂಬ ಊಹೆ ಸದ್ದಿಲ್ಲದೆ ಸೇರಿಕೊಂಡಿತು. 1985ರಲ್ಲಿ ಸೈಮನ್ ಬ್ಯಾರನ್-ಕೋಹೆನ್, ಅಲನ್ ಲೆಸ್ಲಿ ಮತ್ತು ಊಟಾ ಫ್ರಿತ್ ಎರಡು ಬೊಂಬೆಗಳನ್ನಿಟ್ಟು ಒಂದು ಪರೀಕ್ಷೆ ನಡೆಸಿದರು. ಸ್ಯಾಲಿ ಬುಟ್ಟಿಯಲ್ಲಿ ಗೋಲಿ ಇಟ್ಟು ಹೊರಗೆ ಹೋಗುತ್ತಾಳೆ. ಆ್ಯನ್ ಅದನ್ನು ಪೆಟ್ಟಿಗೆಗೆ ಸಾಗಿಸುತ್ತಾಳೆ. ಮರಳಿ ಬಂದ ಸ್ಯಾಲಿ ಗೋಲಿಯನ್ನು ಎಲ್ಲಿ ಹುಡುಕುತ್ತಾಳೆ? ಜಾಗ ಬದಲಾದದ್ದು ಸ್ಯಾಲಿಗೆ ಗೊತ್ತಿಲ್ಲ, ಆದರೂ ಆಟಿಸಂ ಇರುವ 20 ಮಕ್ಕಳಲ್ಲಿ 16 ಮಂದಿ ಪೆಟ್ಟಿಗೆಯನ್ನು ತೋರಿಸಿದರು. ಮುಂದೆ ಬೊಂಬೆಗಳ ಜಾಗದಲ್ಲಿ ಮನುಷ್ಯರನ್ನೇ ಬಳಸಿ ಮಾಡಿದ ಪರೀಕ್ಷೆಯಲ್ಲೂ ಫಲಿತಾಂಶ ಹೆಚ್ಚು ಬದಲಾಗಲಿಲ್ಲ. ಹಾಗಾಗಿ ಇಲ್ಲಿ ದೋಷ ಹುಡುಕಬೇಕಾದದ್ದು ಬೊಂಬೆಯಲ್ಲಲ್ಲ. ಪರೀಕ್ಷೆ ಅಳೆದದ್ದು ಇನ್ನೊಬ್ಬರಿಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಎಂದು ಊಹಿಸುವ ಶಕ್ತಿಯನ್ನು. ಇನ್ನೊಬ್ಬರ ಕಷ್ಟಕ್ಕೆ ಮನಸ್ಸು ಕರಗುತ್ತದೆಯೇ ಎಂಬುದನ್ನು ಅದು ಮುಟ್ಟಲೇ ಇಲ್ಲ. ಆದರೂ ಮುಂದಿನ ದಶಕಗಳಲ್ಲಿ ಇವೆರಡೂ ಒಂದೇ ಎಂಬಂತೆ ಬೆರೆತುಹೋದವು. ಮನಸ್ಸನ್ನು ಓದಲು ತಡವರಿಸುವವರು ಮನಸ್ಸಿಲ್ಲದವರು ಎಂಬ ತೀರ್ಪು ಪಠ್ಯಪುಸ್ತಕಗಳಿಂದ ಶಾಲೆಗಳಿಗೂ ಮನೆಗಳಿಗೂ ಇಳಿಯಿತು. ಎಷ್ಟೋ ಜನರ ಬಾಳನ್ನು ನೋಯಿಸಿದ ತೀರ್ಪು ಇದು.

ಈ ಹಿನ್ನೆಲೆಯಲ್ಲಿ ಸಂಶೋಧಕರಾದ ರೆಬೆಕಾ ವೈಟ್ ಮತ್ತು ಆ್ಯನಾ ರೆಮಿಂಗ್ಟನ್ ಅವರ ಕಿರು ಅಧ್ಯಯನಕ್ಕೆ ತನ್ನ ಗಾತ್ರಕ್ಕೆ ಮೀರಿದ ಬೆಲೆಯಿದೆ. 'ಆಟಿಸಂ' ಎಂಬ ನಿಯತಕಾಲಿಕದ 2019ರ ಸಂಪುಟದಲ್ಲಿ ಅಚ್ಚಾದ ಈ ಲೇಖನದ ತಲೆಬರಹವೇ, ನೀವು ಓದದಿದ್ದರೆ ಈ ಲೇಖನಕ್ಕೆ ಬಹಳ ಬೇಸರವಾಗುತ್ತದೆ ಎಂಬ ಅರ್ಥ ಕೊಡುವಂಥದ್ದು. ಆಟಿಸಂ ಇರುವ 87 ಮತ್ತು ಇಲ್ಲದ 263 ವಯಸ್ಕರನ್ನು ಅವರು ಅಂತರ್ಜಾಲದ ಪ್ರಶ್ನಾವಳಿಯ ಮೂಲಕ ಮಾತಾಡಿಸಿದರು. ವಸ್ತುಗಳಿಗೆ ಮನುಷ್ಯಭಾವ ಆರೋಪಿಸುವುದು ಆಟಿಸಂ ಇರುವವರಲ್ಲಿ ಸಾಮಾನ್ಯ, ಬಹುಶಃ ಉಳಿದವರಿಗಿಂತ ಹೆಚ್ಚು, ಮತ್ತು ವಯಸ್ಸಾದ ಮೇಲೂ ಮುಂದುವರಿಯುವಂಥದ್ದು ಎಂದು ಕಂಡುಬಂತು. ಅವರ ಮುಂದಿದ್ದ ಒಗಟು ಇದು: ಆಟಿಸಂ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ತಮ್ಮದೇ ಭಾವನೆಗಳನ್ನು ಗುರುತಿಸಿ ಹೆಸರಿಸುವುದು ಕಷ್ಟ. ಅಲೆಕ್ಸಿಥೈಮಿಯಾ ಎಂದು ಕರೆಯುವ ಸ್ಥಿತಿ ಅದು. ತಮ್ಮ ಭಾವನೆಯೇ ತಿಳಿಯದವರು ಚಮಚಕ್ಕೋ ಚಪ್ಪಲಿಗೋ ಮರುಗುವುದು ಹೇಗೆ?

ಒಗಟಿನಂತೆ ಕಾಣುವ ಇದನ್ನು ಬಿಡಿಸುವುದು ಅಷ್ಟು ಕಷ್ಟವಲ್ಲ. ಓದುವುದು ಮತ್ತು ಮಿಡಿಯುವುದು ಎಂಬ ಎರಡು ಕೆಲಸಗಳನ್ನು ಬೇರ್ಪಡಿಸಿದರೆ ಸಾಕು. ಎದುರಿಗಿರುವ ವ್ಯಕ್ತಿಗೆ ಮರುಗಬೇಕಾದರೆ ಮೊದಲು ಅವರ ಮುಖ, ದನಿ, ಕಣ್ಣೋಟ, ಅರ್ಧಕ್ಕೆ ನಿಲ್ಲಿಸಿದ ಮಾತು, ಹೇಳದೆ ಬಿಟ್ಟ ಮಾತು ಇಷ್ಟನ್ನೂ ಕ್ಷಣಾರ್ಧದಲ್ಲಿ ಅರ್ಥ ಮಾಡಿಕೊಳ್ಳಬೇಕು. ನಗುತ್ತಿರುವವರು ಒಳಗೊಳಗೇ ನೊಂದಿರಬಹುದು. ಚೆನ್ನಾಗಿದ್ದೇನೆ ಎಂದವರು ಚೆನ್ನಾಗಿಲ್ಲದಿರಬಹುದು. ವಸ್ತುವಿನ ಮುಂದೆ ಈ ಯಾವ ತೊಡಕೂ ಇಲ್ಲ. ಅದು ಮುಖವಾಡ ಹಾಕುವುದಿಲ್ಲ. ಒಡೆದಿದೆ, ಮೂಲೆಗೆ ಬಿದ್ದಿದೆ, ಜೊತೆಯದನ್ನು ಕಳೆದುಕೊಂಡಿದೆ, ಯಾರಿಗೂ ಬೇಡವಾಗಿದೆ ಎಂಬ ಅದರ ಸ್ಥಿತಿ ಪೂರ್ತಿಯಾಗಿ ಕಣ್ಣ ಮುಂದಿದೆ. ಅಂಥ ಸ್ಥಿತಿಯಲ್ಲಿರುವುದು ಹೇಗಿರುತ್ತದೆ ಎಂದು ತಿಳಿಯಲು ಸಂಕೇತಗಳ ಭಾಷಾಂತರ ಬೇಕಿಲ್ಲ. ದಾರಿಯಲ್ಲಿ ತಡೆಯಿಲ್ಲದ ಕಾರಣ ಮರುಕ ನೇರವಾಗಿ ಹೊರಡುತ್ತದೆ. 2008ರಲ್ಲಿ ಡೆಲ್ಫಿನ್ ರೊಸೆ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಇದಕ್ಕೆ ಹತ್ತಿರದ ಸಾಕ್ಷಿ: ಆಟಿಸಂ ಇರುವ ಮಕ್ಕಳು ನಿಜವಾದ ಮುಖಗಳ ಭಾವವನ್ನು ಬೇರೆಯೇ ರೀತಿಯಲ್ಲಿ ನೋಡಿದರೂ ಕಾರ್ಟೂನ್ ಮುಖಗಳ ಭಾವವನ್ನು ಇತರ ಮಕ್ಕಳಂತೆಯೇ ಗ್ರಹಿಸಿದರು. ಜೆಫ್ ಬರ್ಡ್ ಮತ್ತು ಸಂಗಡಿಗರ 2010ರ ಮಿದುಳು ಚಿತ್ರಣದ ಅಧ್ಯಯನ ಇನ್ನೂ ಆಳಕ್ಕೆ ಹೋಗುತ್ತದೆ. ಆಪ್ತರೊಬ್ಬರಿಗೆ ನೋವಾಗುತ್ತಿದೆ ಎಂದು ತಿಳಿದಾಗ ಮಿದುಳಿನ ಇನ್ಸುಲಾ ಭಾಗದಲ್ಲಿ ಏಳುವ ಪ್ರತಿಕ್ರಿಯೆ ಹೆಚ್ಚುಕಡಿಮೆಯಾದದ್ದು ಅಲೆಕ್ಸಿಥೈಮಿಯಾದ ಪ್ರಮಾಣಕ್ಕೆ ತಕ್ಕಂತೆ. ಆಟಿಸಂ ಇದೆಯೋ ಇಲ್ಲವೋ ಎಂಬುದಕ್ಕೆ ತಕ್ಕಂತೆ ಅಲ್ಲ. ಡೇಮಿಯನ್ ಮಿಲ್ಟನ್ 2012ರಲ್ಲಿ ಮಂಡಿಸಿದ 'ಇಬ್ಬದಿಯ ಪರಾನುಭೂತಿ ಸಮಸ್ಯೆ' ಎಂಬ ವಿಚಾರವನ್ನೂ ಇಲ್ಲಿ ನೆನೆಯಬೇಕು. ಸ್ವತಃ ಆಟಿಸಂ ಇರುವ ಈ ಸಮಾಜಶಾಸ್ತ್ರಜ್ಞರ ಪ್ರಕಾರ ತಪ್ಪುತಿಳಿವಳಿಕೆ ಎರಡೂ ಕಡೆಯಿಂದ ಹುಟ್ಟುತ್ತದೆ: ಆಟಿಸಂ ಇಲ್ಲದವರಿಗೂ ಆಟಿಸಂ ಇರುವವರ ಮನಸ್ಸು ಓದಲು ಬರುವುದಿಲ್ಲ. ವಸ್ತುಗಳ ಜೊತೆಗಿನ ಸಂಬಂಧದಲ್ಲಿ ಆ ಎರಡನೆಯ ಬದಿಯೇ ಇಲ್ಲ.

ಈ ವಿವರಣೆಗೆ ಗಟ್ಟಿಯಾದ ಆಕ್ಷೇಪ ಪ್ರಯೋಗಾಲಯದಿಂದಲೇ ಬರುತ್ತದೆ. 1944ರಲ್ಲಿ ಫ್ರಿಟ್ಜ್ ಹೈಡರ್ ಮತ್ತು ಮರಿಯಾನೆ ಸಿಮೆಲ್ ಎರಡು ತ್ರಿಕೋನ ಹಾಗೂ ಒಂದು ವೃತ್ತ ಅತ್ತಿತ್ತ ಓಡಾಡುವ ಪುಟ್ಟ ಚಲನಚಿತ್ರ ತೋರಿಸಿ, ಕಂಡದ್ದನ್ನು ಬರೆಯಿರಿ ಎಂದರು. ಮೊದಲ ಗುಂಪಿನ 34 ಮಂದಿಯಲ್ಲಿ ಒಬ್ಬರು ಮಾತ್ರ ಅದನ್ನು ರೇಖಾಗಣಿತದ ಮಾತಿನಲ್ಲಿ ವಿವರಿಸಿದರು; ಉಳಿದವರೆಲ್ಲ ಆಕೃತಿಗಳ ಓಡಾಟವನ್ನು ಜೀವಿಗಳ ವರ್ತನೆಯೆಂಬಂತೆ ವಿವರಿಸಿದರು. ಇದೇ ಚಿತ್ರವನ್ನು ಆಮಿ ಕ್ಲಿನ್ 2000ದಲ್ಲಿ ಆಟಿಸಂ ಇರುವವರಿಗೆ ತೋರಿಸಿದಾಗ ಅವರ ವಿವರಣೆಗಳಲ್ಲಿ ಸಾಮಾಜಿಕ ಅರ್ಥ ಬಹಳ ಕಡಿಮೆಯಿತ್ತು. ಆಕೃತಿಗಳಿಗೆ ಮನಸ್ಸು ಕೊಡದವರು ಕುರ್ಚಿಗೆ ಕೊಡುತ್ತಾರೆಂದರೆ ನಂಬುವುದು ಹೇಗೆ ಎಂದು ಕೇಳುವುದು ನ್ಯಾಯವೇ. ಆದರೆ ಈ ಎರಡು ಸಂದರ್ಭಗಳಲ್ಲಿ ಬೇಡಿಕೆ ಬೇರೆ. ತ್ರಿಕೋನಗಳ ಕತೆ ಹುಟ್ಟುವುದು ಚಲನೆಯಿಂದ: ಯಾರು ಯಾರನ್ನು ಅಟ್ಟಿದರು, ಯಾರು ತಡೆದು ನಿಂತರು ಎಂಬುದನ್ನು ವೇಗವಾಗಿ ಬದಲಾಗುವ ಸುಳಿವುಗಳಿಂದ ಕಟ್ಟಬೇಕು. ಅದು ಮನುಷ್ಯರನ್ನು ಓದುವ ಕೆಲಸವೇ, ಮುಖವನ್ನಷ್ಟೇ ತೆಗೆದುಹಾಕಲಾಗಿದೆ. ಬೀರುವಿನ ಮೂಲೆಯಲ್ಲಿ ಬಿದ್ದ ಕೈಚೀಲ ಚಲಿಸುವುದೂ ಇಲ್ಲ, ಯಾರ ಮೇಲೂ ಹಗೆ ಸಾಧಿಸುವುದೂ ಇಲ್ಲ. ಅದರ ಬಗೆಗಿನ ಮರುಕ ಹುಟ್ಟುವುದು ಅದು ಇರುವ ಸ್ಥಿತಿಯಿಂದ. ಹಾಗೆ ನೋಡಿದರೆ ಕ್ಲಿನ್ ಮತ್ತು ವೈಟ್-ರೆಮಿಂಗ್ಟನ್ ಫಲಿತಾಂಶಗಳು ಒಂದನ್ನೊಂದು ಅಲ್ಲಗಳೆಯುವುದಿಲ್ಲ. ಓದುವುದು ಬೇರೆ, ಮಿಡಿಯುವುದು ಬೇರೆ ಎಂಬುದಕ್ಕೆ ಎರಡೂ ಸೇರಿ ಬಲ ಕೊಡುತ್ತವೆ.

ವೈಟ್-ರೆಮಿಂಗ್ಟನ್ ಪ್ರಶ್ನಾವಳಿಗೆ ಉತ್ತರಿಸಿದವರು ತಾವಾಗಿ ಮುಂದೆ ಬಂದವರು, ಇಂಥ ಅನುಭವ ಇರುವವರೇ ಹೆಚ್ಚಾಗಿ ಉತ್ತರಿಸಿರಬಹುದು ಎಂಬ ಆಕ್ಷೇಪವನ್ನು ಒಪ್ಪಲೇಬೇಕು. ಮಾತಿಲ್ಲದ, ಬರೆಯಲಾರದ ದೊಡ್ಡ ಸಮುದಾಯ ಇಂಥ ಸಮೀಕ್ಷೆಗಳ ಹೊರಗೇ ಉಳಿಯುತ್ತದೆ. ಆದ್ದರಿಂದ ಎಷ್ಟು ಮಂದಿಗೆ ಎಂಬ ಪ್ರಶ್ನೆಗೆ ಈ ಅಧ್ಯಯನವನ್ನು ಉತ್ತರವಾಗಿ ಬಳಸುವುದು ಸರಿಯಲ್ಲ. ಆದರೆ ಆಟಿಸಂ ಇರುವವರಲ್ಲಿ ಪರಾನುಭೂತಿಯೇ ಇಲ್ಲ ಎಂಬ ಸಾರಾಸಗಟು ಹೇಳಿಕೆಯನ್ನು ಮುರಿಯಲು ದೊಡ್ಡ ಸಂಖ್ಯೆ ಬೇಕಿಲ್ಲ.

ಈ ಮರುಕ ಬಾಲಿಶ ಎನ್ನುವವರು ಮನೋವಿಜ್ಞಾನಿ ಜೀನ್ ಪಿಯಾಜೆಯನ್ನು ಮುಂದಿಡುತ್ತಾರೆ. ಚಿಕ್ಕ ಮಕ್ಕಳು ಸೂರ್ಯನಿಗೂ ಸೈಕಲ್ಲಿಗೂ ಜೀವವಿದೆ ಎಂದುಕೊಳ್ಳುತ್ತಾರೆ, ಬೆಳೆದಂತೆ ಆ ನಂಬಿಕೆ ಕಳಚುತ್ತದೆ ಎಂದು ಅವರು 1920ರ ದಶಕದಲ್ಲೇ ವಿವರಿಸಿದ್ದರು. ಪಿಯಾಜೆ ಹೇಳಿದ್ದು ನಂಬಿಕೆಯ ಮಾತು. ಇಲ್ಲಿರುವುದು ನಂಬಿಕೆಯಲ್ಲ. ತಟ್ಟೆಗೆ ನೋವಾಗದು ಎಂಬುದು ಆ ವಯಸ್ಕರಿಗೆ ಚೆನ್ನಾಗಿ ಗೊತ್ತಿರುತ್ತದೆ. ಗೊತ್ತಿದ್ದೂ ಸಂಕಟ ನಿಲ್ಲುವುದಿಲ್ಲ. ಇದನ್ನು ಭ್ರಮೆಯೊಂದಿಗೆ ಬೆರೆಸಬಾರದು ಎನ್ನುವುದಕ್ಕೂ ಇದೇ ಕಾರಣ. ತಿಳಿವು ಮತ್ತು ಭಾವ ಹೀಗೆ ಎರಡು ದಾರಿ ಹಿಡಿಯುವುದು ಎಲ್ಲರಲ್ಲೂ ಇದೆ. 2002ರಲ್ಲಿ ಸ್ಪೈಕ್ ಜೋನ್ಜ್ ಐಕಿಯಾ ಕಂಪನಿಗಾಗಿ ನಿರ್ದೇಶಿಸಿದ ಜಾಹೀರಾತಿನಲ್ಲಿ ಹಳೆಯ ದೀಪವೊಂದನ್ನು ಮಳೆಯಲ್ಲಿ ಬೀದಿಗೆ ಬಿಡುತ್ತಾರೆ. ನೋಡುವವರ ಕರುಳು ಚುರುಕ್ಕೆನ್ನುತ್ತದೆ, ಅಷ್ಟರಲ್ಲಿ ಒಬ್ಬಾತ ಬಂದು ದೀಪಕ್ಕೆ ಭಾವನೆಗಳಿಲ್ಲ ಎಂದು ಗದರುತ್ತಾನೆ. ಪ್ರೇಕ್ಷಕರೆಲ್ಲ ಮರುಗುತ್ತಾರೆ ಎಂಬ ಭರವಸೆಯ ಮೇಲೆಯೇ ಆ ಜಾಹೀರಾತು ನಿಂತಿದೆ. ನಮ್ಮಲ್ಲೂ ಆಯುಧಪೂಜೆಯ ದಿನ ನೇಗಿಲು, ಮಗ್ಗ, ಲೇತ್, ಬಸ್ಸುಗಳಿಗೆ ಕುಂಕುಮ ಹಚ್ಚಿ ಬಿಡುವು ಕೊಡುತ್ತೇವೆ. ಪುಸ್ತಕಕ್ಕೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ಜಪಾನಿನಲ್ಲಿ ಮುರಿದ ಸೂಜಿಗಳನ್ನು ಮೆತ್ತನೆಯ ತೋಫುವಿಗೆ ಚುಚ್ಚಿ ಕೃತಜ್ಞತೆಯಿಂದ ಬೀಳ್ಕೊಡುವ ಹರಿ-ಕುಯೋ ಎಂಬ ಆಚರಣೆಯಿದೆ. ಆಚರಣೆ ಮತ್ತು ಈ ಅನುಭವ ಒಂದೇ ಅಲ್ಲ: ಆಚರಣೆಗೆ ದಿನ ಗೊತ್ತಾಗಿರುತ್ತದೆ, ಈ ಮರುಕ ಕರೆಯದೆ ಬರುತ್ತದೆ. ಆದರೂ ಹತ್ತು ಮಂದಿ ಸೇರಿ ಮಾಡಿದರೆ ಸಂಸ್ಕಾರವೆನ್ನಿಸುವುದು ಒಬ್ಬರು ಅಡುಗೆಮನೆಯಲ್ಲಿ ಅನುಭವಿಸಿದಾಗ ಮರುಳು ಎನ್ನಿಸುವುದಕ್ಕೆ ವೈದ್ಯಕೀಯ ಆಧಾರವೇನೂ ಇಲ್ಲ.

ಒಂಟಿತನವೇ ಈ ಮರುಕದ ಬೇರು ಎಂಬ ವಿವರಣೆಗೆ ಹೆಚ್ಚು ತೂಕವಿದೆ. ನಿಕೊಲಸ್ ಎಪ್ಲಿ, ಆ್ಯಡಮ್ ವೇಟ್ಜ್ ಮತ್ತು ಜಾನ್ ಕ್ಯಾಸಿಯೊಪೊ 2007ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ ಜೊತೆಗಾರರಿಲ್ಲದವರು ಸುತ್ತಲ ವಸ್ತುಗಳಲ್ಲಿ ಜೊತೆ ಕಂಡುಕೊಳ್ಳುತ್ತಾರೆ. ಆಟಿಸಂ ಇರುವವರಲ್ಲಿ ಒಂಟಿತನ ಹೆಚ್ಚು ಎಂಬುದೂ ನಿಜ, ಮತ್ತು ಅದು ಸಮಾಜ ಹೊರಿಸಿದ ಭಾರ. ಆದರೆ ಒಂಟಿತನ ವಿವರಿಸುವುದು ಗೆಳೆತನದ ಹಂಬಲವನ್ನು. ಕಸದಬುಟ್ಟಿಗೆ ಹೋದ ಪೆನ್ಸಿಲ್ ತುಂಡಿಗಾಗಿ ರಾತ್ರಿ ನಿದ್ದೆ ಬಾರದಿರುವುದರಲ್ಲಿ ಗೆಳೆತನದ ಸುಖವೇನಿದೆ? ವೈಟ್ ಮತ್ತು ರೆಮಿಂಗ್ಟನ್ ಅವರಿಗೆ ಉತ್ತರಿಸಿದ ಆಟಿಸಂ ಸಮುದಾಯದವರಲ್ಲಿ ಹಲವರು ಈ ಅನುಭವ ತಮ್ಮನ್ನು ನೋಯಿಸುತ್ತದೆ ಎಂದೇ ಹೇಳಿದ್ದರು. ಇಂದ್ರಿಯಾನುಭವಗಳು ಒಂದರೊಳಗೊಂದು ಬೆರೆಯುವ ಸಿನಸ್ತೀಸಿಯಾ ಇನ್ನೊಂದು ಸಂಭವನೀಯ ಮೂಲ. 2013ರ ಬ್ಯಾರನ್-ಕೋಹೆನ್ ತಂಡದ ಅಧ್ಯಯನದಲ್ಲಿ ಅದು ಆಟಿಸಂ ಇರುವ ವಯಸ್ಕರಲ್ಲಿ ಶೇ. 18.9, ಇಲ್ಲದವರಲ್ಲಿ ಶೇ. 7.2ರಷ್ಟಿತ್ತು, ಅಂಕಿ ಅಕ್ಷರಗಳಿಗೆ ಸ್ವಭಾವ, ಲಿಂಗ ಕಾಣುವುದು ಅದರ ಒಂದು ಬಗೆ. ಇವು ಒಂದನ್ನೊಂದು ಹೊರಗಿಡಬೇಕಾದ ಕಾರಣಗಳಲ್ಲ.

ಹೆಚ್ಚಿನವರಿಗೆ ಇದಕ್ಕೆ ಚಿಕಿತ್ಸೆ ಬೇಕಿಲ್ಲ. ಏನನ್ನೂ ಬಿಸಾಡಲಾಗದೆ ಮನೆ ತುಂಬಿಹೋದಾಗ, ಅಳುಕು ದಿನದ ಕೆಲಸವನ್ನೇ ತಡೆದಾಗ ಮಾತ್ರ ನೆರವು ಅಗತ್ಯ. ಆ ನೆರವು ಭಾವನೆಯನ್ನು ಸುಳ್ಳೆನ್ನುವುದರಿಂದ ಆರಂಭವಾಗಬಾರದು. ಮಕ್ಕಳ ವಿಷಯದಲ್ಲಿ ನಮ್ಮ ಮನೆಗಳ ಕೆಲವು ರೂಢಿಗಳನ್ನು ಮರುಯೋಚಿಸಬೇಕು. ಎಡವಿ ಬಿದ್ದ ಮಗುವನ್ನು ಸಮಾಧಾನಪಡಿಸಲು ನೆಲಕ್ಕೆ ಹೊಡೆಯುವುದು, ತಟ್ಟೆಯಲ್ಲಿ ಬಿಟ್ಟರೆ ಅನ್ನ ಅಳುತ್ತದೆ ಎನ್ನುವುದು, ಮಾತು ಕೇಳದಿದ್ದರೆ ಬೊಂಬೆಯನ್ನು ಎಸೆಯುತ್ತೇನೆ ಎಂದು ಹೆದರಿಸುವುದು ಬಹುಪಾಲು ಮಕ್ಕಳಿಗೆ ಕ್ಷಣದಲ್ಲಿ ಮರೆತುಹೋಗುವ ಮಾತುಗಳು. ಈ ಮರುಕ ಇರುವ ಮಗುವಿಗೆ ಅವು ನಿಜವಾದ ಹಿಂಸೆ. ಭಾರತದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು ಗುರುತಿಸಿದೆ, ಶಾಲೆಗಳು ಹೊಂದಾಣಿಕೆ ಮಾಡಿಕೊಡಬೇಕೆಂದೂ ಹೇಳುತ್ತದೆ. ಇಲ್ಲಿ ಬೇಕಾದ ಹೊಂದಾಣಿಕೆಗೆ ಕಾಯ್ದೆಯೂ ಬೇಕಿಲ್ಲ, ಖರ್ಚೂ ಇಲ್ಲ. ಹಳೆಯ ಚೀಲವನ್ನೋ ಮುರಿದ ಆಟಿಕೆಯನ್ನೋ ಮಗು ಶಾಲೆಗೆ ಹೋದಾಗ ಕದ್ದು ಸಾಗಿಸಬೇಡಿ. ಕೆಲವು ದಿನ ಮೊದಲೇ ಹೇಳಿ, ಅದು ಎಲ್ಲಿಗೆ ಹೋಗುತ್ತದೆ, ಯಾರ ಕೈಗೆ ಸೇರುತ್ತದೆ ಎಂದು ತಿಳಿಸಿ, ಬೀಳ್ಕೊಡಲು ಸಮಯ ಕೊಡಿ.